ಮತ್ಕರೀಮ್ ಉಸ್ತಾ ಆರಿಸಿದ ಗರಗಸ

ಹಲ್ಲುಗಳ ಸಂದಿಯಲ್ಲಿ ಕಚ್ಚಿಕೊಂಡ ಮರದ ಅಂಟನ್ನು ಸೀಮೆಎಣ್ಣೆಯ ಚಿಂದಿಯಿಂದ ಒರೆಸುತ್ತ, ಗರಗಸದ ಉದ್ದನೆಯ ಉಕ್ಕಿನ ಪಟ್ಟಿಯನ್ನು ಅಂಗುಲ ಅಂಗುಲವಾಗಿ ತೊಡೆಯ ಮೇಲೆ ಸರಿಸುತ್ತ ಕೂತಿದ್ದರು ಮರಗೆಲಸದ ಗುರು ಮತ್ಕರೀಮ್ ಉಸ್ತಾ. ಪಟ್ಟಿಯ ಆಚೆ ಮಗ್ಗುಲನ್ನು ಅವರ ಸಹಾಯಕಿ ಗೌಹರ್ ಹಿಡಿದಿದ್ದಳು. ಖೀವಾ ಪಟ್ಟಣದ ಕೋಟೆಯೊಳಗಿನ ಆ ಕೆತ್ತನೆಯ ಕಾರ್ಯಾಗಾರದಲ್ಲಿ ವಾರದ ಕೊನೆಯ ಕೆಲಸ ಅದು. ಕಾರ್ಯಾಗಾರದ ಮುಖ್ಯಸ್ಥ ರಜಬ್‌ಬೋಯ್ ಹಸಿರು ಚಹಾದ ಬಟ್ಟಲು ಹಿಡಿದು ಬಾಗಿಲಿಗೆ ಒರಗಿ ನಿಂತ.

"ಅಕಾ, ಗರಗಸದ ಕಾಗದ ಬರೆದಿರಾ?" ಎಂದ, ಅಣ್ಣ ಎಂದು ಕರೆಯುವ ಸಲಿಗೆಯಲ್ಲಿ.

"ಬರೀತೀನಿ."

"ಹೆಂಡ್ತೀನ ಹುಡುಕೋವಾಗ್ಲೂ ಇಷ್ಟು ಊರು ಸುತ್ತಿರ್ಲಿಲ್ಲ ನೀವು."

"ಅವಳನ್ನ ನಮ್ಮಮ್ಮ ನೋಡ್ಕೊಂಡು ಬಂದ್ಲು. ಗರಗಸಾನ ನಾನೇ ನೋಡ್ಬೇಕಲ್ಲಪ್ಪ."

ಗೌಹರ್ ನಗಲಿಲ್ಲ. ಆ ಕಾಗದದಲ್ಲಿ ಯಾರ ಹೆಸರು ಬರುತ್ತದೋ ಎಂಬುದೇ ಅವಳ ಚಿಂತೆ.

ಖೀವಾದ ಬಾಗಿಲುಗಳನ್ನೂ ಕಂಬಗಳನ್ನೂ ಕಂಡು ಬೆರಗಾದವರು ಕೆತ್ತಿದವರ ಹೆಸರನ್ನು ಕೇಳಿ ತಿಳಿಯುತ್ತಾರೆ; ಕೆತ್ತನೆಗೆ ಮುಂಚೆ ಆ ಮರವನ್ನು ಆಕಾರಕ್ಕೆ ಕೊಯ್ದು, ಕೆತ್ತುವವನ ಕೈಗೆ ಕೊರಡು ಮಾಡಿ ಕೊಟ್ಟವರ ಹೆಸರನ್ನು ಕೇಳಿದವರನ್ನು ನಾವಂತೂ ಕಂಡಿಲ್ಲ. ಪಲಾವನ್ನು ಹೊಗಳುವವರು ಅಕ್ಕಿಯಲ್ಲಿ ಕಲ್ಲು ಆರಿಸಿದವಳನ್ನು ವಿಚಾರಿಸುವುದುಂಟೆ? ಆದರೆ ಕೊರಡು ಓರೆಯಾದರೆ ಎಂಥ ಉಳಿಯೂ ಅದನ್ನು ನೆಟ್ಟಗೆ ಮಾಡಲಾರದು ಎಂಬುದು ನಮ್ಮ ಊರಿನ ಎಲ್ಲ ಕೆತ್ತನೆಗಾರರೂ ಬಲ್ಲ ಮಾತು. ಆ ಮರೆಯ ಕೆಲಸವನ್ನೇ ತಮ್ಮ ಬದುಕಿನ ಕೆಲಸವೆಂದು ಒಪ್ಪಿಕೊಂಡು, ಈ ನವ್ರೂಜ್ ಹಬ್ಬದಂದು ನಿವೃತ್ತರಾಗುತ್ತಿರುವ ಮತ್ಕರೀಮ್ ಉಸ್ತಾ ಅವರಿಗೆ ಈ ಅಭಿನಂದನ ಸಂಪುಟ ಸಲ್ಲುತ್ತಿರುವುದು ತಡವಾದರೂ ತಕ್ಕದ್ದೇ.

ಅವರು ಕೆಲಸ ಕಲಿತದ್ದು ತಂದೆಯ ಬಿಲ್ಲು ಗರಗಸದಲ್ಲಿ. ಒಂದು ಬದಿ ತಂದೆ, ಒಂದು ಬದಿ ಮಗ. ಕಾರ್ಯಾಗಾರಕ್ಕೆ ಮೊದಲ ಪಟ್ಟಿ ಗರಗಸ ಬಂದಾಗ, ಎರಡು ಗಾಲಿಗಳ ಮೇಲೆ ಓಡುವ ಆ ಅಲಗಿಗೆ ಹೆದರಿ ಹಿರಿಯರು ಹಿಂದೆ ಸರಿದರು. ಉಸ್ತಾ ಮಾತ್ರ ಒಂದು ವಾರ ಅದರ ಮುಂದೆ ಸುಮ್ಮನೆ ಕೂತು ಸದ್ದು ಕೇಳಿದರು, ಆಮೇಲೆ ಮರ ಮುಟ್ಟಿಸಿದರು. ಅಂದಿನಿಂದ ಇಂದಿನವರೆಗೆ ಅವರ ಹತ್ತೂ ಬೆರಳು ಹಾಗೆಯೇ ಇವೆ. ನಿಧಾನಿ ಎಂಬ ದೂರು ಅವರ ಮೇಲೆ ಯಾವಾಗಲೂ ಇತ್ತು, ಅದು ಸುಳ್ಳೂ ಅಲ್ಲ. ಹಸಿದ ಕೆತ್ತನೆಗಾರರು ಕೊರಡಿಗಾಗಿ ಕಾದು ಕಾದು ಬೈದುಕೊಂಡ ದಿನಗಳಿಗೆ ಲೆಕ್ಕವಿಲ್ಲ.

ಗೌಹರ್ ಅಲ್ಲಿಗೆ ಬಂದದ್ದು ಮರದ ಪುಡಿ ಗುಡಿಸುವುದಕ್ಕೆ. ಅವಳ ಕಣ್ಣು ನೆಲದ ಮೇಲಿಲ್ಲ, ಅಲಗಿನ ಮೇಲಿದೆ ಎಂಬುದನ್ನು ಮೊದಲು ಕಂಡವರು ಉಸ್ತಾ. "ಪೊರಕೆ ಅಲ್ಲಿಡಮ್ಮ, ಹಲಗೆಯ ಈ ತುದಿ ಹಿಡ್ಕೋ" ಎಂದರು. ಅವಳ ಕಲಿಕೆ ಶುರುವಾದದ್ದು ಹಾಗೆ.

ನಮ್ಮಲ್ಲಿ ಲೌಹ್ ಮಾಡುತ್ತಾರೆ. ಗ್ರಂಥವನ್ನಿಟ್ಟು ಓದುವ ಮಡಚುವ ಪೀಠ. ಅಂಟಿಲ್ಲ, ಮೊಳೆಯಿಲ್ಲ, ಒಂದೇ ಹಲಗೆ. ನಡುವೆ, ಒಂದರೊಳಗೊಂದು ಹೆಣೆದು ತಿರುಗುವ ಮಡಿಕೆಯ ಬೆರಳುಗಳನ್ನು ಉಳಿಯಿಂದ ಬಿಡಿಸಿಕೊಂಡು, ಎರಡು ತುದಿಗಳಿಂದಲೂ ಹಲಗೆಯ ದಪ್ಪವನ್ನೇ ಸೀಳುತ್ತ ಬಂದು ಮಡಿಕೆಯ ಗೆರೆಗೆ ನಿಲ್ಲಿಸಬೇಕು. ಕೂದಲೆಳೆ ದಾಟಿದರೆ ಪೀಠ ಹೋಗಿ ಎರಡು ಹಲಗೆ ಉಳಿಯುತ್ತವೆ. ಮೊದಲ ವರ್ಷವೇ ಗೌಹರ್ ಹಾಗೆ ದಾಟಿಸಿಬಿಟ್ಟಳು. ಅದೂ ಒಳ್ಳೆಯ ಅಕ್ರೋಟು ಮರ, ಕೆತ್ತನೆಗಾರ ಎರಡು ದಿನ ಕೂತು ಮಡಿಕೆ ಬಿಡಿಸಿದ್ದ ಹಲಗೆ. ಅವನು ಕೂಗಾಡುತ್ತ ಬಂದಾಗ ಉಸ್ತಾ, "ಹಳೇ ಗಾಲಿ ಕಣಪ್ಪ, ಎಳ್ಕೊಂಡು ಹೋಯ್ತು. ಗಾಲಿ ನಂದು, ಬೈಗುಳಾನೂ ನಂಗೇ ಕೊಡು" ಎಂದರು. ಅವನು ಹೋದಮೇಲೆ ಅವಳಿಗೆ ಹೇಳಿದ್ದು ಒಂದೇ ಮಾತು: "ಕಣ್ಣು ಗೆರೆ ನೋಡುತ್ತೆ, ಆದ್ರೆ ಗೆರೆ ಹತ್ರ ಬಂತು ಅಂತ ಮೊದಲು ಗೊತ್ತಾಗೋದು ಕೈಗೆ. ತಳ್ಳೋದನ್ನ ಆಗ ನಿಲ್ಲಿಸು."

ಈಗ ಆ ಹಳೆಯ ಯಂತ್ರದ ಗಾಲಿ ನಿಜವಾಗಿಯೇ ಬಿರುಕು ಬಿಟ್ಟಿತ್ತು. ಉರ್ಗೆಂಚ್ ನಗರದ ಕುಶಲಕರ್ಮಿಗಳ ಸಂಘದವರು ಹೊಸದೊಂದು ಗರಗಸ ಕೊಡಲು ಒಪ್ಪಿ, ಎಂಥದು ಬೇಕು, ಅದನ್ನು ನಡೆಸುವವರು ಯಾರು ಎಂದು ಉಸ್ತಾ ಅವರೇ ಬರೆದು ತಿಳಿಸಲಿ ಎಂದಿದ್ದರು. ಹೆಸರು ಬರೆದವರಿಗೇ ತರಬೇತಿ, ಅವರಿಗೇ ಆ ಜಾಗ. ನವ್ರೂಜ್ ದಾಟಿದರೆ ಗರಗಸ ಬೇರೆ ಊರಿನ ಪಾಲು. ರಜಬ್‌ಬೋಯ್ ಮನಸ್ಸಿನಲ್ಲಿ ಅವನ ತಂಗಿಯ ಮಗನಿದ್ದ, ದಿಮ್ಮಿ ಕೊಯ್ಯುವ ಮಿಲ್ಲಿನಲ್ಲಿ ಪಳಗಿದ ಎತ್ತರದ ಗಂಡಸು. ಆ ಜಾಗ ಅವನದಾದರೆ ತನಗೆ ಮತ್ತೆ ಪೊರಕೆಯೇ ಎಂದು ಗೌಹರ್‌ಗೆ ಗೊತ್ತಿತ್ತು. ಉಸ್ತಾ ಅವಳಿಗೆ ಇನ್ನೂ ಫಾತಿಹಾ ಕೊಟ್ಟಿರಲಿಲ್ಲ. ಗುರು ಅಂಗೈಯೆತ್ತಿ ಹರಸುವವರೆಗೆ ನಮ್ಮಲ್ಲಿ ಯಾರೂ ಗುರುವಿನ ಜಾಗದಲ್ಲಿ ನಿಲ್ಲುವಂತಿಲ್ಲ. ಹರಕೆಯನ್ನು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ.

ಚಳಿಗಾಲವಿಡೀ ಉಸ್ತಾ ಕಂಕುಳಲ್ಲಿ ನಮ್ಮ ಕಡೆಯ ಗಟ್ಟಿ ಗುಜುಮ್ ಮರದ ಒಂದು ಹಲಗೆ ಇಟ್ಟುಕೊಂಡು ಉರ್ಗೆಂಚಿನ ಅಂಗಡಿಗಳನ್ನು ಸುತ್ತಿದರು. ಅಂಗಡಿಯವರು ಪೈನ್ ಮರ ಕೊಯ್ದು ತೋರಿಸಿದರೆ, "ಇದಕ್ಕೆ ನಾನ್ ರೊಟ್ಟಿ ಕೊಯ್ಯೋ ಚಾಕು ಸಾಕು" ಎಂದು ತಮ್ಮ ಹಲಗೆಯನ್ನು ಮುಂದಿಡುತ್ತಿದ್ದರು. ನಾರು ನಾರಾಗಿ ಹೆಣೆದುಕೊಂಡ ಗುಜುಮ್ ಯಾವ ಗರಗಸದ ಬಂಡವಾಳವನ್ನೂ ಬಯಲು ಮಾಡುತ್ತದೆ. ಕೈಯಲ್ಲಿ ಹಿಡಿಯುವ ಜಿಗ್‌ಸಾ ಗರಗಸ ಹಲಗೆಯ ಮೇಲ್ಭಾಗದಲ್ಲಿ ಗೆರೆ ಹಿಡಿದು ಕೊಯ್ದರೂ ಕೆಳಭಾಗದಲ್ಲಿ ಅಲಗನ್ನು ಓರೆ ಮಾಡಿತು. ಸಣ್ಣ ತಂತಿಯಂಥ ಅಲಗಿನ ಗರಗಸ ಬಳ್ಳಿ ಹೂವಿಗೆ ಸೊಗಸು, ದಪ್ಪ ಕೊರಡಿನಲ್ಲಿ ಹೊಗೆಯಾಡಿತು. ಪಟ್ಟಿ ಗರಗಸವೇ ಸೈ ಎಂದಾಯಿತು. ಎಲ್ಲಕ್ಕಿಂತ ದೊಡ್ಡದೊಂದನ್ನು ಉಸ್ತಾ ಮೆಚ್ಚಿಕೊಂಡರು ಕೂಡ. ಆದರೂ ಕಾಗದ ಬರೆಯಲಿಲ್ಲ. ಏನೋ ಸರಿಹೋಗಲಿಲ್ಲ ಎನ್ನುತ್ತಿದ್ದರು, ಏನೆಂದು ಅವರಿಗೇ ಗೊತ್ತಿರಲಿಲ್ಲ.

ಹಬ್ಬಕ್ಕೆ ವಾರವಿರುವಾಗ ರಜಬ್‌ಬೋಯ್ ತಾಳ್ಮೆಗೆಟ್ಟು ತಾನೇ ಅವರನ್ನು ಉರ್ಗೆಂಚಿಗೆ ಕರೆದುಕೊಂಡು ಹೋದ. ಮಡಿಕೆ ಬಿಡಿಸಿಟ್ಟ ಲೌಹ್ ಹಲಗೆಯನ್ನು ಹೊತ್ತು ಗೌಹರ್ ಹಿಂದೆ ಹೋದಳು. ದೊಡ್ಡ ಯಂತ್ರದ ಮುಂದೆ ಉಸ್ತಾ ಬಹಳ ಹೊತ್ತು ನಿಂತು, ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದರು.

"ಗೌಹರ್, ಬಾ ಇಲ್ಲಿ. ನಿಂತ್ಕೋ."

ಯಂತ್ರದ ಮೇಜು ಅವಳ ಎದೆಗೆ ಬಂತು. ಹಲಗೆ ಹಿಡಿದರೆ ಮೊಣಕೈಗಳು ಕೋಳಿಯ ರೆಕ್ಕೆಯಂತೆ ಮೇಲೆದ್ದವು.

"ಅಯ್ಯೋ, ಈ ಅಕ್ಕ ಕೊಯ್ಯೋದಾ?" ಅಂಗಡಿಯವನು ನಕ್ಕ. "ಕಾಲಡಿಗೆ ಒಂದು ಪೆಟ್ಟಿಗೆ ಹಾಕಿದ್ರಾಯ್ತು."

"ಓಡೋ ಅಲಗಿನ ಮುಂದೆ ಪೆಟ್ಟಿಗೆ ಹತ್ತೋರು ನಿನ್ನ ಮನೇಲಿರ್ಲಿ" ಎಂದರು ಉಸ್ತಾ. ಆಮೇಲೆ ತಮ್ಮ ಹಣೆಯನ್ನು ತಾವೇ ತಟ್ಟಿಕೊಂಡರು. "ಚಳಿಗಾಲ ಪೂರ್ತಿ ನನ್ನ ಮೊಣಕೈಗೆ ಅಳತೆ ತಗೊಂಡಿದ್ದೀನಲ್ಲೋ ರಜಬ್! ಕೆಲಸ ಬಿಟ್ಟು ಮನೆಗೆ ಹೋಗೋನಿಗೆ ಅಂಗಿ ಹೊಲಿಸಿದ ಹಾಗೆ."

ಗರಗಸ ನಡೆಸುವವಳು ಗೌಹರ್ ಎಂಬುದು ರಜಬ್‌ಬೋಯ್‌ಗೆ ಅರ್ಥವಾಗಿ ಮುಖ ಕೆಂಪಾಯಿತು. "ಅಕಾ, ತಂಗಿ ಮಗನಿಗೆ ಮಾತು ಕೊಟ್ಟಿದ್ದೀನಿ. ದೊಡ್ಡ ಗರಗಸ ಇದ್ರೆ ದಿಮ್ಮೀನೇ ತಂದು ಕೊಯ್ಬಹುದು."

"ದಿಮ್ಮಿ ಮಿಲ್ಲಿಂದ ಕೊಯ್ದೇ ಬರುತ್ತಲ್ಲ ರಜಬ್ ಅಕಾ" ಎಂದಳು ಗೌಹರ್. ಅಷ್ಟು ಜನರ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. "ನಮ್ಮಲ್ಲಿ ಅಲಗಿನ ಮುಂದೆ ನಿಲ್ಲಿಸೋದ್ರಲ್ಲಿ ಎಲ್ಲಕ್ಕಿಂತ ಎತ್ತರ ಲೌಹ್ ಹಲಗೆ. ಅದು ಒಳಗೆ ಹಿಡಿದ್ರೆ ಸಾಕು. ಸೀಳೋಕೆ ಅಗಲದ ಅಲಗು, ಪೀಠದ ಪಾದದ ತಿರುವಿಗೆ ಸಣ್ಣದು. ಅಲಗು ಬದಲಾಯ್ಸೋದು ಸಲೀಸಾಗಿರ್ಬೇಕು, ಅಷ್ಟೇ."

ಪಕ್ಕದಲ್ಲಿದ್ದ ನಡುಗಾತ್ರದ ಯಂತ್ರವನ್ನು ಉಸ್ತಾ ಕಣ್ಣಿನಲ್ಲೇ ತೋರಿಸಿದರು. ಮೇಜು ಅವಳ ಸೊಂಟಕ್ಕಿಂತ ತುಸು ಮೇಲಿತ್ತು. ಎರಕದ ಕಬ್ಬಿಣ, ತೂಕದ ಕಾಲು, ನಡುಕವಿಲ್ಲ. ಅವಳು ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿದಳು. ಹಲಗೆಯ ಮೇಲಂಚಿಗೂ ಅಲಗಿನ ಮೇಲಿನ ರಕ್ಷಾಕವಚಕ್ಕೂ ನಡುವೆ ಬೆರಳಗಲ ಜಾಗ ಮಿಕ್ಕಿತು. ಯಂತ್ರ ಗುನುಗಿತು. ಒಂದು ತುದಿಯಿಂದ ಸೀಳುತ್ತ ಹೋದಳು. ಕೈಗೆ ಏನೋ ತಿಳಿಯಿತು, ನಿಲ್ಲಿಸಿದಳು. ಯಂತ್ರ ಆರಿಸಿ ಹಲಗೆಯನ್ನು ಹಿಂದೆ ಎಳೆದು ಇನ್ನೊಂದು ತುದಿ ಇಟ್ಟಳು. ರಜಬ್‌ಬೋಯ್ ಹತ್ತಿರ ಸರಿದು ಬಾಗಿ ನೋಡಿದ. ಎರಡನೆಯ ಸಲವೂ ನಿಲ್ಲಿಸಿ, ಹಲಗೆಯನ್ನು ಅವನ ಕೈಗೇ ಕೊಟ್ಟಳು. ಅವನು ಎರಡು ಬದಿ ಹಿಡಿದು ಮೆಲ್ಲಗೆ ಎಳೆದ. ಬಿಗಿಯಾಗಿ ಒಮ್ಮೆ ಕಿರುಗುಟ್ಟಿ, ಒಂದೇ ಹಲಗೆ ಪೀಠವಾಗಿ ಅರಳಿಕೊಂಡಿತು.

"ತಂಗಿಗೆ ಏನ್ ಹೇಳ್ಲಿ ಅಕಾ?" ಎಂದ ಅವನು, ಪೀಠವನ್ನು ಮಡಚುತ್ತ.

"ನೀನು ಕೊಟ್ಟಿದ್ದು ಮಾತು. ಇವಳು ಇಷ್ಟು ವರ್ಷ ಬೆವರು ಕೊಟ್ಟಿದ್ದಾಳೆ. ಹಾಗಂತ ಹೇಳು. ಬೈದ್ರೆ ನನ್ನ ಮನೆಗೆ ಕಳ್ಸು, ನನ್ನ ಹೆಂಡ್ತಿ ಪಲಾವ್ ಮಾಡ್ತಾಳೆ."

ಮರುದಿನ ಕಾರ್ಯಾಗಾರದ ಅಂಗಳದಲ್ಲಿ, ಕೆತ್ತನೆಗಾರರೆಲ್ಲ ಸುತ್ತ ಕೂತಿರುವಾಗ, ಮತ್ಕರೀಮ್ ಉಸ್ತಾ ಅಂಗೈಗಳನ್ನೆತ್ತಿ ಗೌಹರ್‌ಗೆ ಫಾತಿಹಾ ಕೊಟ್ಟರು. "ಮರ ನಿನ್ನ ಮಾತು ಕೇಳ್ಲಿ, ಕೈ ಗಟ್ಟಿಯಿರ್ಲಿ, ಬೆರಳು ಹತ್ತೂ ಇರ್ಲಿ" ಎಂದಷ್ಟೇ ಹರಸಿದರು. ಕೆಲಸದಲ್ಲಿ ನಿಧಾನಿಯಾದವರು ಹರಕೆಯಲ್ಲಿ ಮಾತ್ರ ಚುರುಕು ಎಂದು ಯಾರೋ ಅಂದದ್ದಕ್ಕೆ ಎಲ್ಲರೂ ನಕ್ಕರು, ಗೌಹರ್ ಮಾತ್ರ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

ನಮ್ಮ ಮತ್ಕರೀಮ್ ಉಸ್ತಾ ಅವರಿಗೆ ದೇವರು ದೀರ್ಘಾಯುಸ್ಸನ್ನೂ, ಓದುವಾಗ ಕನ್ನಡಕ ಬೇಡದ ಕಣ್ಣನ್ನೂ, ಮೊಮ್ಮಕ್ಕಳ ಗದ್ದಲವನ್ನೂ ಕೊಡಲಿ; ಬೇಸರವಾದ ದಿನ ಕಾರ್ಯಾಗಾರದ ಬಾಗಿಲಿಗೆ ಬಂದು ಕೂತು, ಹೊಸ ಗರಗಸದ ಸದ್ದು ಕೇಳಿ ತಪ್ಪು ಹುಡುಕುವ ಸುಖವೂ ಅವರಿಗೆ ಬಹುಕಾಲ ಇರಲಿ.

ಫಾತಿಹಾ ಕೊಟ್ಟ ಆ ಮಧ್ಯಾಹ್ನವೇ ಕಾಗದ ಬರೆದಾಯಿತು. ಗರಗಸದ ವಿವರ ನಾಲ್ಕು ಸಾಲು, ನಡೆಸುವವರ ಹೆಸರು ಒಂದು ಸಾಲು. ಉಸ್ತಾ ಮತ್ತು ಗೌಹರ್ ಅಂಚೆ ಕಚೇರಿಗೆ ನಡೆದರು. ಲಕೋಟೆಯನ್ನು ತಿರುಗಿಸಿ ನೋಡಿದ ಗುಮಾಸ್ತೆ, "ಕಳಿಸೋರ ಹೆಸರೇ ಇಲ್ಲವಲ್ಲ, ಅಕಾ" ಎಂದಳು.

ಉಸ್ತಾ ಪೆನ್ನನ್ನು ಗೌಹರ್ ಕೈಗೆ ಕೊಟ್ಟರು. "ನಿನ್ನ ಹೆಸರು ಬರಿ. ಉತ್ತರ ಬರೋ ಹೊತ್ತಿಗೆ ನಾನಿರಲ್ಲ."

"ಅಯ್ಯೋ, ಹಾಗಂತಾರಾ! ಎಲ್ಲಿಗೆ ಹೋಗ್ತೀರಿ?" ಗುಮಾಸ್ತೆ ಗಾಬರಿಯಾದಳು.

"ಮನೆಗೆ ಕಣಮ್ಮ, ಮಲಗೋಕೆ."

ಗೌಹರ್ ಅವಸರವಿಲ್ಲದೆ ತನ್ನ ಪೂರ್ತಿ ಹೆಸರು ಬರೆದು, ಲಕೋಟೆಯನ್ನು ಕಿಂಡಿಯೊಳಕ್ಕೆ ಸರಿಸಿದಳು. ಗುಮಾಸ್ತೆ ಅದರ ಮೇಲೆ ಧಡ್ಡನೆ ಮುದ್ರೆ ಒತ್ತಿ, ಉರ್ಗೆಂಚಿಗೆ ಹೊರಟ ಚೀಲಕ್ಕೆ ಹಾಕಿದಳು.