ಒಡೆದ ಗಡಿಗಿ ಸುಮ್ಮನಾದ ಮಧ್ಯಾಹ್ನ

ದೆವ್ವ, ಮಾಟ, ಮಂತ್ರ ಅಂದ್ರ ನಾನು ನಗಾವ. ಸಾಲಿ ಮಾಸ್ತರ ನೋಡ್ರಿ, ಹುಡುಗರಿಗೆ ‘ಅವೆಲ್ಲಾ ಸುಳ್ಳು’ ಅಂತ ಹೇಳಿ ಹೇಳಿ ನನಗೂ ಅದು ಬಾಯಿಪಾಠ ಆಗಿತ್ತು. ಹಂಗಂತ ಇವತ್ತು ನಂಬ್ತೀನಿ ಅಂತಲ್ಲ. ಆದರ ಒಂದು ಮಧ್ಯಾಹ್ನದ ಸುದ್ದಿ ಎದಿಯೊಳಗ ಹಂಗ ಕುಂತೈತಿ. ಇದ್ದದ್ದು ಇದ್ದಂಗ ಬರೀತೀನಿ. ನಗೂದಿದ್ರ ನಗ್ರಿ, ನಾನೂ ನಕ್ಕಾವನ.

ನಮ್ಮದು ಕಲ್ಲೋಳಿ ಹತ್ತಿರದ ಸಣ್ಣ ಊರು. ಊರ ಹೊರಗ ನಮ್ಮ ಭಟ್ಟಿ. ಮುತ್ತಜ್ಜನ ಕಾಲದಿಂದ ಪರವಾನಗಿ ತಗೊಂಡು ಬೆಲ್ಲದ ಸರಾಯಿ ಇಳಿಸಾವರು ನಾವು. ಗಾಣದಿಂದ ತಂದ ಕರಿ ಬೆಲ್ಲ, ಜಾಲಿ ತೊಗಟಿ, ಬಾವಿ ನೀರು, ಇಷ್ಟ. ಕುತ್ತಿಗಿಮಟ ನೆಲದಾಗ ಹುಗಿದ ದೊಡ್ಡ ಗಡಿಗಿಯೊಳಗ ಅದನ್ನ ಕೊಳಿಯಾಕ ಬಿಡೂದು. ಮುಂದಿಂದೆಲ್ಲಾ ಕಿವಿ ಕೆಲಸ. ಅಪ್ಪ ದಿನಾ ನೆಲಕ್ಕ ಮಲಗಿ ಗಡಿಗಿ ಬಾಯಿಗೆ ಕಿವಿ ಕೊಡಾವ. ಒಳಗ ಗುಳುಗುಳು ಅಂತಿದ್ರ, ‘ಇನ್ನೂ ಮಾತಾಡಾಕತ್ತೈತಿ, ಬಿಡು’ ಅನ್ನಾವ. ಮಾತು ನಿಂತ ಗಳಿಗಿಗೆ ತಾಮ್ರದ ಹಂಡೆ ಕೆಳಗ ಒಲಿ ಹಚ್ಚಬೇಕು. ತಡಾ ಮಾಡಿದ್ರ ಎಲ್ಲಾ ಹುಳಿಯಾಗಿ ಕೆಟ್ಟು ಹೋಗೂದು. ಅಪ್ಪ ಉಣ್ಣೂ ತಾಟು ಬಿಟ್ಟು ಎದ್ದು ಓಡಿದ್ದನ್ನ ಎಷ್ಟೋ ಸಲ ನೋಡೀನಿ. ಇಳಿದ ಸರಾಯಿ ಒಂದು ಹನಿ ಅಂಗೈಗೆ ತಿಕ್ಕಿ ಮೂಸಾವ, ಅಷ್ಟ. ಜೀವನದಾಗ ಒಂದು ಗುಟುಕು ಕುಡಿದಾವಲ್ಲ.

ಸ್ವಾತಂತ್ರ್ಯ ಬಂತು, ಅದರ ಹಿಂದ ದಾರೂಬಂದಿ ಬಂತು. ಪರವಾನಗಿ ಹೋತು. ಅಪ್ಪ ಗಡಿಗಿ ತೊಳದು, ಒಣಗಿಸಿ, ಬಾಯಿಗೆ ಕಲ್ಲು ಮುಚ್ಚಿ ಸುಮ್ಮನ ಮನಿಗೆ ಬಂದು ಕುಂತ. ಅವ್ವ ಮೊದಲ ತೀರಿಕೊಂಡಿದ್ದಳು. ನಾನು ಮೂಡಲಗಿ ಸಾಲಿಗೆ ಮಾಸ್ತರ ಆಗಿದ್ದೆ. ಖರೆ ಹೇಳಬೇಕಂದ್ರ ನನಗ ಹಗುರಾಗಿತ್ತು. ಇನ್ನ ಯಾರೂ ‘ಭಟ್ಟಿಯವರ ಹುಡುಗ’ ಅನ್ನೂದಿಲ್ಲಲ್ಲ.

ಎರಡು ವರ್ಷ ಆದ ಮ್ಯಾಲ ಒಂದಿನ ಅಪ್ಪ, ‘ತಮ್ಮಾ, ಗಡಿಗಿ ಮತ್ತ ಮಾತಾಡಾಕತ್ತೈತಿ’ ಅಂದ.

‘ಖಾಲಿ ಗಡಿಗಿ ಏನ್ ಮಾತಾಡ್ತೈತಪಾ? ನಿನ್ನ ಕಿವಿ ಮಾತಾಡಾಕತ್ತಾವ’ ಅಂತ ಚೇಷ್ಟೆ ಮಾಡಿದೆ.

ಐದಾರು ದಿನಕ್ಕ ಅದು ಸುಮ್ಮನಾತಂತ. ಆದ ಕೂಡಲೆ ಆ ಪುಣ್ಯಾತ್ಮ ಹೋಗಿ ಖಾಲಿ ಹಂಡೆ ಕೆಳಗ ಒಲಿ ಹಚ್ಚಿಬಿಟ್ಟ! ಹೊಗಿ ನೋಡಿ ಯಾರೋ ಚಾಡಿ ಹೇಳಿದ್ರು, ಪೊಲೀಸ್ ಫೌಜದಾರ ಬಂದ. ಹಂಡೆಯೊಳಗ ಏನೂ ಇಲ್ಲ, ಗಡಿಗಿ ಒಣಾ ಒಣಾ. ಆದರ ಹೊಸಾ ಸರಾಯಿ ವಾಸನಿ ಮಾತ್ರ ಗಮ್ ಅಂತಿತ್ತು. ಎಲ್ಲೋ ಚೆಲ್ಯಾನ ಅಂತ ಫೌಜದಾರನ ಲೆಕ್ಕ, ನನ್ನ ಲೆಕ್ಕಾನೂ ಅದ.

‘ಗಡಿಗಿ ಸುಮ್ಮನಾತ್ರಿ ಸಾಹೇಬರ, ಅದಕ್ಕ ಹಚ್ಚಿದೆ’ ಅಂದ ಅಪ್ಪ. ಕೂಡಿದ ಮಂದಿ ಹೊಟ್ಟಿ ಹಿಡಕೊಂಡು ನಕ್ಕರು.

ಫೌಜದಾರ ನನ್ನ ಕಡೆ ತಿರುಗಿದ. ‘ಮಾಸ್ತರ, ನೀವು ಕಲತಾವರು. ನಿಮ್ಮ ತಂದಿ ಸುಳ್ಳು ಹೇಳಾಕತ್ತಿಲ್ಲ ಅಂತ ನೀವು ಒಂದು ಮಾತು ಹೇಳ್ರಿ, ಬಿಟ್ಟು ಹೋಗ್ತೀನಿ.’

ಅಪ್ಪ ನನ್ನ ಮಾರಿ ನೋಡಿದ. ‘ನನಗೇನೂ ಗೊತ್ತಿಲ್ರಿ’ ಅಂದೆ.

ಅಪ್ಪಗ ಮೂರು ತಿಂಗಳ ಸಜಾ ಆತು. ಪೊಲೀಸರು ಗಡಿಗಿ ಒಡೆದು, ಕುಣಿಗೆ ಮಣ್ಣು ತುಂಬಿ, ಹಂಡೆ ಗಾಡಿಯೊಳಗ ಹಾಕ್ಕೊಂಡು ಹೋದ್ರು.

ನಾನೊಬ್ಬನ ಉಳದೆ. ಲಗ್ನ ಆಗಿರಲಿಲ್ಲ. ಸಾಲಿಂದ ಸೈಕಲ್ ತುಳಕೊಂಡು ಬಂದು, ಒಂದು ರೊಟ್ಟಿ ಬಡಕೊಂಡು, ಅರ್ಧ ತಿಂದು ಬಿಡೂದು. ಮಂದಿ ಮಾತಾಡಸ್ತಿದ್ದಿಲ್ಲ ಅಂತಲ್ಲ, ನನಗ ಯಾರ ಮಾರಿ ನೋಡಾಕೂ ಆಗ್ತಿದ್ದಿಲ್ಲ. ಆ ಮನಿಯೊಳಗ ಕೆಮ್ಮಿದ್ರ ಕೆಮ್ಮು ನಾನೊಬ್ಬನ ಕೇಳಬೇಕು. ಅಂಥಾ ಒಂಟಿತನ ವೈರಿಗೂ ಬ್ಯಾಡ.

ಬ್ಯಾಸಗಿ ಸೂಟಿ ಬಂತು. ಒಂದು ಮಧ್ಯಾಹ್ನ ಉರುವಲಿಗಂತ ಭಟ್ಟಿಗೆ ಹೋದೆ. ಉಳಿದ ಕಟಗಿ ಎತ್ತಾಕ ಬಗ್ಗಿದ್ರ ಕಾಲ ಕೆಳಗ ಸಪ್ಪಳ. ಇಲಿ ಇರಬೇಕಂತ ಕಾಲು ಬಡದೆ. ನಿಲ್ಲಲಿಲ್ಲ. ಮಣ್ಣು ತುಂಬಿದ ಜಾಗಕ್ಕ ಮಲಗಿ ಕಿವಿ ಹಚ್ಚಿದೆ. ಗುಳುಗುಳು, ಗುಳುಗುಳು, ಒಳಗ ಅನ್ನ ಕುದಿಯೂ ಹಂಗ. ಹೆದರಿಕಿ ಆಗಲಿಲ್ಲ. ಯಾರೋ ನಮ್ಮಾವರು ಮನಿಗೆ ಬಂದಾರ ಅನಿಸ್ತು. ಎಷ್ಟು ಹೊತ್ತು ಹಂಗ ಮಲಗಿದ್ದೆನೋ, ಒಮ್ಮಿಗೇ ಎಲ್ಲಾ ಸುಮ್ಮನಾತು. ಆಗ ವಾಸನಿ ಬಂತು. ಹೊಸಾ ಸರಾಯಿ, ಜಾಲಿ ತೊಗಟಿ, ಎರಡೂ ಕೂಡಿದ್ದು.

ಮುಂದಿಂದು ಹೇಳಾಕ ನಾಚಿಕಿ. ಎದ್ದವನ ಕಟಗಿ ತುರುಕಿ ಕಡ್ಡಿ ಗೀರಿಬಿಟ್ಟೆ. ಒಲಿ ಮ್ಯಾಲ ಹಂಡೆನ ಇಲ್ಲ! ಉರಿ ಎದ್ದ ಮ್ಯಾಲ ಎಚ್ಚರಾತು. ಅಯ್ಯೋ ಶಿವನ, ಅಪ್ಪ ಹೇಳಿದ್ದು ಖರೆ ಇತ್ತಲ್ಲೋ ಅಂತ ಅಲ್ಲೇ ಕುಂತು ಅತ್ತೆ. ಮರುದಿನ ಸಲಿಕಿ ತಗೊಂಡು ಅಗದು ನೋಡಿದೆ. ಒಡೆದ ಗಡಿಗಿ ಬೋಕಿ, ಒಣಾ ಮಣ್ಣು. ಒಂದು ಹನಿ ಹಸಿ ಇಲ್ಲ.

ಸಜಾ ಮುಗಿಸಿ ಅಪ್ಪ ಊರಿಗೆ ಬರಲಿಲ್ಲ. ಹುಕ್ಕೇರಿ ಕಡೆ ಕಣಗಲಾದಾಗ ಅವನ ತಂಗಿ, ನಮ್ಮ ಅತ್ತಿ ಇದ್ದಳು, ಅಲ್ಲಿಗೆ ಹೋಗಿಬಿಟ್ಟ. ಗೋಕಾಕಕ್ಕ ಬಂದು ಬಸ್ ಹಿಡಿದು ನಾನೂ ಹೋದೆ. ಕಟ್ಟಿ ಮ್ಯಾಲ ಶೇಂಗಾ ಸುಲೀತ ಕುಂತಿದ್ದ, ಬಾಳ ಇಳದಿದ್ದ. ಕಾಲು ಹಿಡಕೊಂಡೆ.

‘ಅಪ್ಪಾ, ನನಗೂ ಕೇಳಿಸ್ತು. ಸುಮ್ಮನಾದದ್ದೂ ಕೇಳಿಸ್ತು. ನಾನೂ ಒಲಿ ಹಚ್ಚಿದೆ.’

ಅಪ್ಪ ಶೇಂಗಾ ಬುಟ್ಟಿ ಬದಿಗೆ ಸರಿಸಿದ. ಸಿಟ್ಟಿದ್ದಿಲ್ಲ. ತಲಿ ಮ್ಯಾಲ ಕೈ ಇಟ್ಟು, ‘ಇರಲಿ ಬಿಡೋ ತಮ್ಮಾ. ನನ್ನ ಸಮಾಧಾನಕ್ಕಂತ ಸುಳ್ಳು ಹೇಳಬ್ಯಾಡ’ ಅಂದ.

ಅಳಕೋತ ಆಣಿ ಮಾಡಿದೆ. ‘ಹೂಂ, ಹೂಂ’ ಅಂದ, ಕೂಸಿನ್ನ ರಮಿಸಿದಂಗ. ಮರುವರ್ಷ ಅಲ್ಲೇ ತೀರಿಕೊಂಡ.

ಅವತ್ತು ಆ ಒಣಾ ಮಣ್ಣಿನಾಗ ಏನಿತ್ತು, ನನಗ ಇವತ್ತಿಗೂ ತಿಳಿದಿಲ್ಲ. ನಮ್ಮ ಸಾಲಿಯ ವಿಜ್ಞಾನದ ಮಾಸ್ತರ ಒಬ್ಬರು ಕೇಳಿ, ಮಣ್ಣಿನಾಗ ಬೆಲ್ಲದ ಅಂಶ ಉಳದಿರಬೇಕು ಅಂದ್ರು. ಇರಬಹುದು. ನಾನು ವಾದಕ್ಕ ನಿಲ್ಲಲಿಲ್ಲ. ನೀವು ನಂಬ್ರಿ, ಬಿಡ್ರಿ, ನನಗೇನೂ ಬ್ಯಾಸರಿಲ್ಲ. ನಂಬಬೇಕಾದಾವ ಒಬ್ಬ ಇದ್ದ, ಅವ ನಂಬದ ಹೋದ.