ತಿಪ್ಪಕ್ಕ ಆಡಿದ್ದು ಆಡಿದಂಗೆ

ತಿಪ್ಪಕ್ಕ ಎದ್ದು ನಿಂತರೆ ವಿಧಾನಸಭೆಯಲ್ಲಿ ಮೈಕು ನೋಡಿಕೊಳ್ಳುವವರು ಅವರ ಮೈಕಿನ ಸದ್ದು ತಗ್ಗಿಸುತ್ತಿದ್ದರು. ಮದುವೆಯಾಗಿ ಮೊಳಕಾಲ್ಮೂರು ಕಡೆ ಬರುವ ಮುಂಚೆ ಪರಶುರಾಂಪುರದ ಆಚೆಯ ಬಯಲಿನಲ್ಲಿ ಕುರಿ ಕಾಯ್ದವರು. ದೂರ ಹೋದ ಕುರಿಯನ್ನು ಕರೆದು ಕರೆದು ಪಳಗಿದ ಗಂಟಲು ಅದು. ಎದ್ದವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಶುರು ಮಾಡುತ್ತಿದ್ದರು. ಆಳುವ ಪಕ್ಷದ ಸಾಲಿನಲ್ಲಿ ಮೊಬೈಲ್ ನೋಡುತ್ತ ಕೂತವರೂ ತಲೆ ಎತ್ತುತ್ತಿದ್ದರು.

ನಾನು ಆ ಸದನದ ವರದಿಗಾರ. ಪತ್ರಿಕೆಯವನಲ್ಲ, ಸಭಾಧ್ಯಕ್ಷರ ಪೀಠದ ಕೆಳಗೆ ಕೂತು ಸದಸ್ಯರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಸರ್ಕಾರಿ ನೌಕರ. ಅಲ್ಲಿ ನಗು ಬಂದರೂ ನಾವು ನಗುವ ಹಾಗಿಲ್ಲ. ತಿಪ್ಪಕ್ಕ ವಿರೋಧ ಪಕ್ಷದ ಶಾಸಕಿಯಾಗಿ ಬಂದ ಮೇಲೆ ಅವರ ಮಾತು ಬರೆಯುವ ಸರದಿಯೆಲ್ಲ ನನ್ನ ಪಾಲಿಗೇ ಬಂತು. ಸಿಟ್ಟು ಬಂದಾಗ ಅವರ ಕನ್ನಡದೊಳಗೆ ತೆಲುಗು ನುಗ್ಗುತ್ತಿತ್ತು, ಉಳಿದ ವರದಿಗಾರರ ಪೆನ್ನು ನಿಂತುಬಿಡುತ್ತಿತ್ತು. ನಾನು ಮೊಳಕಾಲ್ಮೂರಿನ ಮಗ್ಗದ ಮನೆಯವನು, ನನಗೆ ಎರಡೂ ಬರುತ್ತಿತ್ತು. ಒಮ್ಮೆ ಅವರು ಒಬ್ಬ ಮಂತ್ರಿಗೆ "ಚೆಪ್ಪಯ್ಯಾ", ಅಂದರೆ ಹೇಳಯ್ಯಾ, ಅಂದಿದ್ದನ್ನು ನಾನು "ದಯವಿಟ್ಟು ತಿಳಿಸಿ" ಅಂತ ಬರೆದಿದ್ದೆ.

ಹೀಗೆ ತಿದ್ದಿ ಬರೆಯುತ್ತಿದ್ದುದರಿಂದಲೇ ನಮ್ಮ ಪರಿಚಯವಾಗಿದ್ದು. ನಾವು ಬರೆದದ್ದರ ಕರಡನ್ನು ತಿದ್ದುವುದಕ್ಕೆಂದು ಸದಸ್ಯರಿಗೆ ಕಳಿಸುತ್ತೇವೆ. ಹೆಚ್ಚಿನವರು ತೆರೆದೂ ನೋಡುವುದಿಲ್ಲ. ತಿಪ್ಪಕ್ಕ ತಮ್ಮ ಪ್ರತಿಯನ್ನು ಕೈಯಲ್ಲಿ ಹಿಡಿದು ವರದಿಗಾರರ ಕೋಣೆಗೇ ಬಂದರು. ನಾನು ಬರೆದ "ಇದೆ"ಯನ್ನೆಲ್ಲ ಕೆಂಪು ಇಂಕಿನಲ್ಲಿ ಹೊಡೆದು "ಐತೆ" ಮಾಡಿದ್ದರು.

"ಇದನ್ನ ಮಾತಾಡಿದೋರು ಯಾರು? ನಾನಂತೂ ಅಲ್ಲ," ಅಂದರು.

ವ್ಯಾಕರಣ ಸರಿಪಡಿಸುವುದು ನಮ್ಮ ಪದ್ಧತಿ ಅಂತ ವಿವರಿಸಿದೆ. ಕೇಳಿಕೊಂಡು, ನನ್ನ ಊರು ಯಾವುದು ಅಂತ ವಿಚಾರಿಸಿದರು. ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ನಮ್ ಕಡೆಯೋನಾಗಿ ನೀನೇ ಹಿಂಗ್ ಮಾಡಿದ್ರೆ ಹೆಂಗೆ ತಮ್ಮಾ? ನಮ್ಮೂರೋರು ಇದನ್ನ ಓದಿದ್ರೆ, ತಿಪ್ಪಿ ಬೆಂಗ್ಳೂರಾಗೆ ಬದಲಾಗಿಬಿಟ್ಲು ಅಂತಾರೆ."

ಅಂದಿನಿಂದ ಅವರು ನನಗೆ ಅಕ್ಕ. ಅಧಿವೇಶನ ಶುರುವಾದರೆ ಒಂದು ಚೀಲ ಹುರಿದ ಶೇಂಗಾ ನಮ್ಮ ಕೋಣೆಗೆ ಬರುತ್ತಿತ್ತು. ಆದರೆ ಸದನದೊಳಗೆ ಒಂದು ದಿನವೂ ಅವರು ನನ್ನ ಪರಿಚಯ ತೋರಿಸಲಿಲ್ಲ.

ಪ್ರಶ್ನೆ ಕೇಳುವ ಮೊದಲು ಆ ಜಾಗಕ್ಕೆ ಹೋಗಿ ನೋಡಿಬರುವುದು ಅವರ ಅಭ್ಯಾಸ. ಚಳ್ಳಕೆರೆ ಕಡೆಯ ಒಂದು ಹಳ್ಳಿಯ ಪಶು ಆಸ್ಪತ್ರೆಯ ಪ್ರಶ್ನೆ ಬಂದದ್ದು ಹಾಗೆಯೇ. ಕುರಿಗಳಿಗೆ ರೋಗ ಬಿದ್ದಿದ್ದ ಕಾಲ. ವೈದ್ಯರು ಅಲ್ಲಿ ಕಾರ್ಯನಿರ್ವಹಿಸುತ್ತಿದ್ದಾರೆ ಅಂತ ಮಂತ್ರಿಗಳು ಉತ್ತರ ಕೊಟ್ಟು ಕೂತರು. ತಿಪ್ಪಕ್ಕ ಕನ್ನಡಕ ತೆಗೆದಿಟ್ಟರು.

"ಹೋದ ವಾರ ಆ ಆಸ್ಪತ್ರೆಗೆ ಹೋಗಿದ್ದೆ, ಸಭಾಧ್ಯಕ್ಷರೇ. ಬೀಗದ ಕೈ ಎದುರಿಗಿನ ಟೀ ಅಂಗಡಿಯಾಗೆ ಇತ್ತು. ಒಳಗೆ ಈರುಳ್ಳಿ ಮೂಟೆ ಐತೆ. ಮಂತ್ರಿಗಳ ಉತ್ತರದಾಗೆ ಡಾಕ್ಟ್ರು ಅದಾರೆ. ಈರುಳ್ಳಿ, ಡಾಕ್ಟ್ರು, ಈ ಇಬ್ಬರಾಗೆ ಕುರಿಗೆ ಸೂಜಿ ಹಾಕೋರು ಯಾರು ಅಂತ ಕೇಳಿ ಹೇಳಿ."

ಸದನ ನಕ್ಕಿತು. ಮಂತ್ರಿಗಳಿಗೆ ಕೋಪ ಬಂತು. ಸದಸ್ಯರು ಸದನವನ್ನು ತಪ್ಪುದಾರಿಗೆ ಎಳೆಯುತ್ತಿದ್ದಾರೆ, ನಾಳೆ ದಾಖಲೆ ಸಮೇತ ಬರುತ್ತೇನೆ ಅಂದರು. ತಿಪ್ಪಕ್ಕನಿಗೂ ಸಿಟ್ಟೇರಿತು. ಸಂಬಳ ತಗೊಂಡು ಮನೆಯಾಗೆ ಕುಂತಿರೋ ಆ ಡಾಕ್ಟ್ರು ಕಳ್ಳ ಅಂದುಬಿಟ್ಟರು. ಅಷ್ಟರಲ್ಲಾಗಲೇ ಎರಡೂ ಕಡೆಯವರು ಎದ್ದು ಕೂಗುತ್ತಿದ್ದರು. ಆ ಗದ್ದಲದಲ್ಲಿ ಮೈಕು ಯಾರ ಮಾತನ್ನೂ ಸರಿಯಾಗಿ ಹಿಡಿಯಲಿಲ್ಲ. ಸದನವನ್ನು ಮರುದಿನಕ್ಕೆ ಮುಂದೂಡಿದರು.

ಸಂಜೆ ಮಂತ್ರಿಗಳ ಕಚೇರಿಯ ಅಧಿಕಾರಿಯೊಬ್ಬರು ನಮ್ಮ ಕೋಣೆಗೆ ಬಂದರು. "ಕಾರ್ಯನಿರ್ವಹಿಸುತ್ತಿದ್ದಾರೆ" ಅನ್ನುವುದನ್ನು "ಕಾರ್ಯನಿರ್ವಹಿಸಲಿದ್ದಾರೆ" ಅಂತ ಮಾಡಿಕೊಡಬೇಕಂತೆ. ಸಾಹೇಬರು ಅಂದದ್ದೇ ಹಾಗೆ, ನನ್ನ ಕಿವಿಗೆ ತಪ್ಪಾಗಿ ಬಿದ್ದಿದೆ ಅಂದರು. ಹಾಗೆ ಬದಲಾಯಿಸಿದರೆ ಮರುದಿನ ಸುಳ್ಳು ಹೇಳಿದವರು ತಿಪ್ಪಕ್ಕ ಆಗುತ್ತಿದ್ದರು. ನನ್ನ ಶೀಘ್ರಲಿಪಿ ಪುಸ್ತಕದಲ್ಲಿ ಹಾಗಿಲ್ಲ ಅಂದೆ. ನಿವೃತ್ತಿಗೆ ಇನ್ನೂ ಎಷ್ಟು ವರ್ಷ ಇದೆ ಅಂತ ಮೆತ್ತಗೆ ಕೇಳಿದರು. ಧೈರ್ಯಸ್ಥನೇನಲ್ಲ ನಾನು. ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತೆ.

ಅಷ್ಟರಲ್ಲಿ ತಿಪ್ಪಕ್ಕ ಬಾಗಿಲಲ್ಲಿ ನಿಂತಿದ್ದರು. ವಿಷಯ ಯಾರೋ ಹೇಳಿರಬೇಕು, ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ. ಅವರು ಬಂದದ್ದು ತಮ್ಮದೇ ಮಾತಿಗಾಗಿ. ಊರಿಗೆ ಫೋನು ಮಾಡಿ ವಿಚಾರಿಸಿದ್ದರು. ಡಾಕ್ಟರು ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಗಳು. ಇಲಾಖೆಯೇ ಅವಳನ್ನು ಬೇರೆ ತಾಲ್ಲೂಕಿಗೆ ನಿಯೋಜಿಸಿ, ಅಲ್ಲಿ ಮೂರು ಜನರ ಕೆಲಸ ಹೊರಿಸಿತ್ತು.

"ಆ ಹುಡುಗೀದು ಏನೂ ತಪ್ಪಿಲ್ಲ. ನಾನು ಕಳ್ಳ ಅಂದುಬಿಟ್ಟೆ," ಅಂದರು. ಅವರ ಮುಖ ಸಣ್ಣದಾಗಿತ್ತು.

ಗದ್ದಲದಲ್ಲಿ ಅದು ಯಾರಿಗೂ ಕೇಳಿಸಿಲ್ಲ ಅಕ್ಕ, ಬಿಟ್ಟುಬಿಡಬಹುದು ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ಅಧಿಕಾರಿಗೆ ಮಾಡಿಕೊಡುವುದಿಲ್ಲ ಅಂದದ್ದನ್ನೇ ಇವರಿಗೆ ಕೇಳದೆಯೇ ಮಾಡಿಕೊಡಲು ಹೊರಟಿದ್ದೆ.

"ಬ್ಯಾಡ ತಮ್ಮಾ. ಆಡಿದ್ದು ಆಡಿದಂಗೇ ಇರ್ಲಿ. ನಂದೂ ಅಷ್ಟೇ, ಮಂತ್ರಿಗಳದ್ದೂ ಅಷ್ಟೇ. ನಾಳೆ ಎದ್ದು ತಪ್ಪಾತು ಅಂತೀನಿ, ಅದನ್ನೂ ಬರ್ಕೋ."

ಪಕ್ಕದಲ್ಲಿ ನಿಂತಿದ್ದವರು ಯಾರು, ಯಾಕೆ ಬಂದಿದ್ದಾರೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ನಮಸ್ಕಾರ ಮಾಡಿ ಹೊರಟುಹೋದರು. ಅಧಿಕಾರಿ ತಮ್ಮ ಕಡತ ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ.

ಮರುದಿನ ಮಂತ್ರಿಗಳು ಕಾಗದದ ಕಟ್ಟು ಹಿಡಿದು ತಯಾರಾಗಿ ಬಂದಿದ್ದರು. ಅವರು ಬಾಯಿ ತೆರೆಯುವ ಮುಂಚೆಯೇ ತಿಪ್ಪಕ್ಕ ಎದ್ದು ಆ ವೈದ್ಯೆಯ ಕ್ಷಮೆ ಕೇಳಿದರು. ಮಂತ್ರಿಗಳದ್ದಲ್ಲ, ಅವಳದ್ದು. ಆಮೇಲೆ, ಅವಳನ್ನು ಅಲ್ಲಿಗೆ ಕಳಿಸಿದ ಆದೇಶ ಯಾರದು ಅಂತ ಕೇಳಿ ಕೂತರು. ಮಂತ್ರಿಗಳು ಕಾಗದದ ಕಟ್ಟನ್ನು ತಿರುವಿದರು, ಮಡಚಿದರು. ಆದೇಶ ತಮ್ಮ ಇಲಾಖೆಯದ್ದೇ, ಇವತ್ತೇ ರದ್ದು ಮಾಡುತ್ತೇನೆ ಅಂದರು. ಕೂರುವ ಮುಂಚೆ, ಈರುಳ್ಳಿಯನ್ನು ಏನು ಮಾಡೋಣ ಅದನ್ನೂ ಹೇಳಿಬಿಡಿ ಅಂದರು.

"ಊರಾಗೆ ಗೋಡೌನ್ ಇಲ್ಲದ್ದಕ್ಕೇ ಅಲ್ಲಿಟ್ಟಾರೆ. ಅದಕ್ಕೆ ಬೇರೆ ಇಲಾಖೆಗೆ ಪ್ರಶ್ನೆ ಹಾಕೀನಿ. ಸೋಮವಾರ ಬರ್ತದೆ."

ಇಡೀ ಸೇವೆಯಲ್ಲಿ ನಾನು ಸದನದೊಳಗೆ ನಕ್ಕದ್ದು ಅದೊಂದೇ ಸಲ. ಗಾಬರಿಯಾಗಿ ಮೇಲೆ ನೋಡಿದರೆ ಸಭಾಧ್ಯಕ್ಷರೂ ನಗುತ್ತಿದ್ದರು.

ಮುಂದಿನ ಚುನಾವಣೆಯಲ್ಲಿ ತಿಪ್ಪಕ್ಕ ಸೋತರು. ಅವರು ತೀರಿಕೊಂಡು ಈಗ ಒಂದು ವರ್ಷವಾಯಿತು. ನಾನು ಅವರನ್ನು ಕೊನೆಯದಾಗಿ ನೋಡಿದ್ದು, ಶಾಸಕರ ಭವನದ ಕೋಣೆ ಖಾಲಿ ಮಾಡಿ ಊರಿಗೆ ಹೊರಟ ಬೆಳಿಗ್ಗೆ, ಮೆಜೆಸ್ಟಿಕ್ಕಿನಲ್ಲಿ. ಇದ್ದದ್ದು ಎರಡೇ ಚೀಲ. ಬಸ್ಸಿಗೆ ಹತ್ತಿಸಿದೆ. ಸೋತದ್ದಕ್ಕೆ ಸಮಾಧಾನ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.

ಅವರಿಗೆ ಪುರಸೊತ್ತು ಇರಲಿಲ್ಲ. ಮೊಳಕಾಲ್ಮೂರು ಅಂತ ಬೋರ್ಡು ಹಾಕಿಕೊಂಡು, ಊರೊಳಗೆ ಹೋಗದೆ ಹೆದ್ದಾರಿಯ ಕ್ರಾಸಿನಲ್ಲೇ ಜನರನ್ನು ಯಾಕೆ ಇಳಿಸುತ್ತೀರಿ ಅಂತ ಕಂಡಕ್ಟರನ್ನು ಕೇಳುತ್ತಿದ್ದರು. ಅವನು ಡಿಪೋದವರ ಮೇಲೆ ಹಾಕಿದ. ಡಿಪೋದಲ್ಲಿ ಯಾರು ಅಂತ ಕೇಳಿದರು. ಹಿಂದಿನ ಸೀಟಿನ ಮುದುಕಿಯೊಬ್ಬಳು, ನಾನೂ ಕ್ರಾಸಿನಿಂದ ನಡೆದೇ ಹೋಗೋದು ಕಣವ್ವಾ ಅಂದಳು. ಬಸ್ಸು ಹೊರಟಿತು. ನಾನು ಕಿಟಕಿಗೆ ಕೈ ಬೀಸಿದೆ. ತಿಪ್ಪಕ್ಕ ಸೀಟು ಬಿಟ್ಟು ಎದ್ದು, ಮೇಲಿನ ಕಂಬಿ ಹಿಡಿದು, ಕಂಡಕ್ಟರ್ ಏನು ಹೇಳುತ್ತಾನೋ ಅಂತ ಅವನನ್ನೇ ನೋಡುತ್ತ ನಿಂತಿದ್ದರು.