ಹೋಗಬೇಡಿ ಎಂದ ಮೇಲ್

ಗಂಗಾವತಿಯ ನಮ್ಮ ಇಂಟರ್‌ನೆಟ್ ಆಫೀಸಿನಲ್ಲಿ ಯಾರಾದರೂ ಸಂಪರ್ಕ ಬೇಡವೆಂದರೆ ಸಾಕು, ಕಂಪ್ಯೂಟರ್ ತಾನೇ ಅವರಿಗೊಂದು ಮೇಲ್ ಕಳಿಸುತ್ತಿತ್ತು. ಆ ಮೇಲ್ ಬರೆದವನು ನಾನು. ಇನ್ನೊಬ್ಬ ಗಿರಾಕಿ ಹೋದರೆ ನೀನೂ ಹೋಗು ಎಂದು ಮಾಲೀಕರು ಹೇಳಿದ್ದರಿಂದ, ಅದರಲ್ಲಿ ಸ್ವಲ್ಪ ಅಳುವನ್ನೂ ಬೆರೆಸಿದ್ದೆ: ‘ನಮ್ಮಿಂದ ಏನು ತಪ್ಪಾಯಿತು? ನೀವಿಲ್ಲದೆ ಮನೆ ಖಾಲಿ ಅನ್ನಿಸುತ್ತಿದೆ.’

ಒಂದು ಬೆಳಿಗ್ಗೆ ಕನಕಗಿರಿಯ ಬೀಜದಂಗಡಿ ಶರಣಪ್ಪನವರು ಶೇಂಗಾದ ಚೀಲ ಹಿಡಿದು ಬಂದು ನನ್ನ ಮೇಜಿನ ಮುಂದೆ ನಿಂತರು.

“ನಿಮ್ಮದೇನೂ ತಪ್ಪಿಲ್ರಿ. ಅಳಿಯ ಬ್ಯಾರೆ ಕಂಪನಿ ಲೈನ್ ಹಾಕಸ್ತೀನಿ ಅಂದಾನ. ನೀವು ಇಷ್ಟು ನೊಂದು ಬರದೀರಿ, ಎದುರಿಗೆ ಬಂದು ಹೇಳದ ಹೆಂಗ ಬಿಡ್ಲಿ?”

ನಾನು ದಂಗಾದೆ. ಒಂದು ಮೇಲ್‌ಗೆ ಉತ್ತರ ಹೇಳಲು ಮನುಷ್ಯನೊಬ್ಬ ಅಂಗಡಿ ಮುಚ್ಚಿ, ಬಸ್ ಹತ್ತಿ ಬರುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಅದನ್ನ ಕಳಿಸಿದ್ದು ಮಷೀನ್ ರೀ, ಯಜಮಾನ್ರ,” ಎಂದೆ.

ಅಷ್ಟರಲ್ಲಿ ಅವರ ಫೋನು ಗುಂಯ್ ಎಂದಿತು. ಎರಡನೇ ಮೇಲ್: ‘ನಿಮ್ಮ ದಾರಿ ಕಾಯುತ್ತಿದ್ದೇವೆ.’ ಅವರು ಅದನ್ನು ಓದಿ, ಮೊದಲು ಕಂಪ್ಯೂಟರನ್ನೂ ಆಮೇಲೆ ನನ್ನನ್ನೂ ನೋಡಿದರು.

“ಮಷೀನಿಗೇ ಇಷ್ಟು ಅಂತಃಕರಣ ಐತಿ. ನೀವು ನೋಡಿದ್ರ ಇನ್ನೂ ಕುಂದರ್ರಿ ಅಂದಿಲ್ಲ.”

ಎದ್ದು ನನ್ನ ಕುರ್ಚಿಯನ್ನೇ ಕೊಟ್ಟೆ, ಚಹಾ ತರಿಸಿದೆ. ಚಹಾ ಮುಗಿಯುವ ಹೊತ್ತಿಗೆ ಅವರು, “ನಿಮ್ಮ ಲೈನೇ ಇರ್ಲಿ ಬಿಡ್ರಿ. ಅಳಿಯಗ ನಾ ಹೇಳ್ತೀನಿ,” ಎಂದು ಚೀಲವನ್ನು ಮೇಜಿನ ಮೇಲಿಟ್ಟು ಹೊರಟರು.

ಸಂಜೆ ಮಾಲೀಕರು, ಮೇಲ್ ಭಾಳ ಛಲೋ ಕೆಲಸ ಮಾಡೈತಿ ಎಂದು ಕಂಪ್ಯೂಟರಿನ ಬೆನ್ನು ತಟ್ಟಿದರು. ನಾನು ಬಾಯಿ ಬಿಡಲಿಲ್ಲ, ಬಾಯ್ತುಂಬ ಶೇಂಗಾ ಇತ್ತು.